ಸಾಗರ–ಇಕ್ಕೇರಿ–ಕೆಳದಿ ಸೈಕಲ್ ಸುತ್ತು: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ ಜಿಲ್ಲೆಯ ಸಾಗರದ ಸುತ್ತಮುತ್ತ ನಾನು ಸೈಕಲ್ ತುಳಿಯಲು ಶುರು ಮಾಡಿ ಬಹಳ ವರ್ಷ ಆಯಿತು. ಹೊರಗಿಂದ ಬರುವ ನೆಂಟರು, ಗೆಳೆಯರು, ಅವರ ಗೆಳೆಯರು ಫೋನ್ ಮಾಡಿ ಕೇಳುವುದು ಹೆಚ್ಚುಕಡಿಮೆ ಅವೇ ಪ್ರಶ್ನೆಗಳನ್ನು. ಈ ದಾರಿಯಲ್ಲಿ ಕಾನು ಅನ್ನುವ ದಟ್ಟ ಹಸಿರು ಕಾಡು ಇದೆ, ಅಡಿಕೆ ತೋಟ ಇದೆ, ಈ ಸೀಮೆಯನ್ನು ಆಳಿದ ಕೆಳದಿ ನಾಯಕರ ಕಾಲದ ಗುಡಿಗಳಿವೆ. ಇವು ಮೂರೂ ಬೇರೆ ಬೇರೆ ಅಲ್ಲ ಅನ್ನುವುದು ನನಗೆ ತಿಳಿದದ್ದು ಸೈಕಲ್ ಮೇಲೆ. ಕಾರಿನಲ್ಲಿ ಇದೇ ದಾರಿಯಲ್ಲಿ ಎಷ್ಟೋ ಸಲ ಓಡಾಡಿದ್ದೆ, ಆಗ ಗೊತ್ತೇ ಆಗಿರಲಿಲ್ಲ.

ಸುತ್ತು ಎಲ್ಲಿಂದ ಎಲ್ಲಿಗೆ? ಒಟ್ಟು ಎಷ್ಟು ದೂರ?

ಸಾಗರದಿಂದ ಹೊರಟು ಸಾಗರಕ್ಕೇ ವಾಪಸ್. ಮೊದಲು ವರದಾಮೂಲ, ಅಲ್ಲಿಂದ ಇಕ್ಕೇರಿ, ಇಕ್ಕೇರಿಯಿಂದ ಹಳ್ಳಿ ರಸ್ತೆಗಳಲ್ಲಿ ಹೆಗ್ಗೋಡು, ಭೀಮನಕೋಣೆ, ಮತ್ತೆ ಸಾಗರ. ಇದು ದಕ್ಷಿಣದ ಸುತ್ತು. ಊಟ, ವಿಶ್ರಾಂತಿ ಆದಮೇಲೆ ಉತ್ತರಕ್ಕೆ ಕೆಳದಿಗೆ ಹೋಗಿ ಬರುವುದು. ನಕ್ಷೆಯಲ್ಲಿ ನೋಡಿದರೆ ಸುಮಾರಾಗಿ ಎಂಟರ ಆಕಾರ, ನಡುವಿನ ಗಂಟು ಸಾಗರ ಪೇಟೆ.

ಇಕ್ಕೇರಿ ಸಾಗರದಿಂದ ಸುಮಾರು 6 ಕಿ.ಮೀ., ಹೆಗ್ಗೋಡು ಮತ್ತು ಕೆಳದಿ ತಲಾ 8 ಕಿ.ಮೀ. ಆಸುಪಾಸು. ಎಲ್ಲ ಸೇರಿ 45 ಕಿ.ಮೀ. ಸುತ್ತಮುತ್ತ ಆಗುತ್ತದೆ. ಒಳರಸ್ತೆ ಯಾವುದು ಹಿಡಿಯುತ್ತೀರಿ ಅನ್ನುವುದರ ಮೇಲೆ ನಾಲ್ಕೈದು ಕಿಲೋಮೀಟರ್ ಹೆಚ್ಚುಕಡಿಮೆ.

ಒಂದೇ ದಿನ ಸಾಕಾ?

ತುಳಿಯಲು ಸಾಕು. ನೋಡಲು ಸಾಲದು. ಬೆಳಗ್ಗೆ ಆರೂವರೆಗೆ ಹೊರಟರೆ ಸಂಜೆಯೊಳಗೆ ಇಡೀ ಸುತ್ತು ಮುಗಿಯುತ್ತದೆ ನಿಜ. ಆದರೆ ಇಕ್ಕೇರಿ ಗುಡಿಯಲ್ಲಿ ಕೂತು, ತೋಟದ ಮನೆಯವರ ಜೊತೆ ಎರಡು ಮಾತಾಡಿ, ಕಾನಿನ ಅಂಚಿನಲ್ಲಿ ಸುಮ್ನೆ ನಿಂತು ಬರಬೇಕು ಅಂದರೆ ಎರಡು ದಿನ ಇಟ್ಟುಕೊಳ್ಳಿ. ಮೊದಲ ದಿನ ದಕ್ಷಿಣ, ಎರಡನೇ ದಿನ ಬೆಳಗ್ಗೆ ಕೆಳದಿ. ನನ್ನ ಮಟ್ಟಿಗೆ ಅದೇ ಸರಿಯಾದ ಲೆಕ್ಕ.

ಜೋಗ ಯಾಕೆ ಸೇರಿಸಿಲ್ಲ?

ಜೋಗ ಸಾಗರದಿಂದ ಸುಮಾರು 30 ಕಿ.ಮೀ., ಅದೂ ಹೆದ್ದಾರಿಯಲ್ಲಿ. ಟೂರಿಸ್ಟ್ ಬಸ್ಸು, ಕಾರು ಜಾಸ್ತಿ. ಜೋಗ ನೋಡಲೇಬೇಕಾದ ಜಾಗ, ಆದರೆ ನಿಧಾನದ ಸವಾರಿಗೆ ಆ ದಾರಿ ಹೇಳಿ ಮಾಡಿಸಿದ್ದಲ್ಲ. ಬೇರೆ ದಿನ ಬಸ್ಸಿನಲ್ಲಿ ಹೋಗಿ ಬನ್ನಿ.

'ಕಾನು' ಅಂದರೆ ಏನು? ಕಾಡಿಗೇ ಕಾನು ಅನ್ನುತ್ತಾರಾ?

ಎಲ್ಲ ಕಾಡೂ ಕಾನಲ್ಲ. ಈ ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರ ಬೇಕು.

ಸಾಗರ, ಸೊರಬ, ಸಿದ್ದಾಪುರ, ಶಿರಸಿ ಕಡೆ ಹಳ್ಳಿಯ ಪಕ್ಕದಲ್ಲೇ ದಟ್ಟವಾದ, ವರ್ಷವಿಡೀ ಹಸಿರಾಗಿರುವ ಕಾಡಿನ ತುಂಡುಗಳಿವೆ. ಸುತ್ತ ಗದ್ದೆ, ಹುಲ್ಲು ಬೆಳೆಯುವ ಬ್ಯಾಣ, ಎಲೆ ಉದುರುವ ಸಾಮಾನ್ಯ ಕಾಡು. ನಡುವೆ ಒಮ್ಮೆಲೇ ಕತ್ತಲೆ ಕವಿದಂತೆ ಒಂದು ಮರಗಳ ಗುಂಪು. ಅದು ಕಾನು. ಒಳಗೆ ಬಿಸಿಲು ನೆಲಕ್ಕೆ ಬೀಳುವುದು ಕಡಿಮೆ. ಧೂಪ, ಹೆಬ್ಬಲಸು, ಬೈನೆ, ಉಪ್ಪಾಗೆ, ಮುರುಗಲು, ರಾಮಪತ್ರೆ, ದಾಲ್ಚಿನ್ನಿ, ಇಂಥ ಮರಗಳು. ಅವುಗಳ ಮೈಗೆ ಹಬ್ಬಿದ ಕಾಡುಮೆಣಸಿನ ಬಳ್ಳಿ.

ಇದನ್ನು ಉಳಿಸಿಕೊಂಡು ಬಂದದ್ದು ಅರಣ್ಯ ಇಲಾಖೆ ಹುಟ್ಟುವುದಕ್ಕೂ ಬಹಳ ಮೊದಲಿನಿಂದ ಇಲ್ಲಿನ ಹಳ್ಳಿಗಳು. ಕಾನಿನಲ್ಲಿ ಚೌಡಿ ಇದ್ದಾಳೆ, ಭೂತಪ್ಪ ಇದ್ದಾನೆ, ನಾಗರ ಇದೆ. ಅಲ್ಲಿ ಕೊಡಲಿ ಬೀಸುವಂತಿಲ್ಲ ಅನ್ನುವುದು ಊರಿನ ಕಟ್ಟುಪಾಡು. ಬರೀ ಭಯ ಭಕ್ತಿಯ ಮಾತಲ್ಲ ಇದು. ಕಾನಿನ ಕೆಳಗಿನ ಝರಿ ಬೇಸಿಗೆಯಲ್ಲೂ ಬತ್ತದೆ ಹರಿದರೆ ಮಾತ್ರ ಕಣಿವೆಯಲ್ಲಿರುವ ಅಡಿಕೆ ತೋಟಕ್ಕೆ ನೀರು. ಮೆಣಸು, ಜೇನು, ಉಪ್ಪಾಗೆ ಕೂಡ ಅಲ್ಲಿಂದಲೇ.

ಮೆಣಸಿನಿಂದಲೇ ಕೆಳದಿಯ ಕಥೆಯೂ ಶುರುವಾಗುತ್ತದೆ ಅನ್ನಬಹುದು. ಘಟ್ಟದ ಮೇಲಿನ ಮೆಣಸು ಕರಾವಳಿಯ ಬಂದರುಗಳಿಗೆ ಇಳಿಯುತ್ತಿತ್ತು. ಅದನ್ನು ಕೊಳ್ಳಲು ಪೋರ್ಚುಗೀಸರು ಕಾದಿರುತ್ತಿದ್ದರು. ನಾಯಕರ ಬೊಕ್ಕಸಕ್ಕೆ ಅದು ದೊಡ್ಡ ಆದಾಯ. ಇಕ್ಕೇರಿಯ ಕಲ್ಲಿನ ಗುಡಿ ನೋಡುವ ಮೊದಲು ದಾರಿಯಲ್ಲಿ ಒಂದು ಮೆಣಸಿನ ಬಳ್ಳಿಯನ್ನು ಗಮನಿಸಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಕಾನಿನ ಒಳಗೆ ಸೈಕಲ್ ತೆಗೆದುಕೊಂಡು ಹೋಗಬಹುದಾ?

ಬೇಡ. ಈ ಸುತ್ತಿನಲ್ಲಿ ನಾವು ಹಿಡಿಯುವುದು ಊರುಗಳನ್ನು ಜೋಡಿಸುವ ರಸ್ತೆಗಳನ್ನು ಮಾತ್ರ. ಕೆಲವು ಕಡೆ ರಸ್ತೆ ಕಾನಿನ ಅಂಚಿಗೇ ತಾಗಿ ಹೋಗುತ್ತದೆ. ಅಲ್ಲಿ ಇಳಿದು ನಿಂತರೆ ಸಾಕು, ಗಾಳಿಯ ತಂಪೇ ಬೇರೆ. ಹಲವು ಕಾನುಗಳು ಈಗ ಅರಣ್ಯ ಇಲಾಖೆಯ ಸುಪರ್ದಿಯಲ್ಲಿವೆ, ಅನುಮತಿ ಇಲ್ಲದೆ ಒಳಹೋಗುವಂತಿಲ್ಲ.

ಇನ್ನೊಂದು ಮಾತು. ಶುರುವಿನ ದಿನಗಳಲ್ಲಿ ನಾನು ಒಂದು ಕಾನಿನ ಬಾಯಲ್ಲಿರುವ ಚೌಡಿ ಕಲ್ಲಿನ ಹತ್ತಿರ ಶೂ ಹಾಕಿಕೊಂಡೇ ನಿಂತು ಫೋಟೋ ತೆಗೆಯುತ್ತಿದ್ದೆ. ದನ ಹೊಡೆದುಕೊಂಡು ಬರುತ್ತಿದ್ದ ಅಜ್ಜ ಒಬ್ಬರು, "ತಮ್ಮಾ, ಚಪ್ಪಲಿ ಬಿಟ್ಟು ನಿಲ್ಲು, ಅವಳು ನಮ್ಮನೆಯವಳು" ಅಂದರು. ಬೈಯಲಿಲ್ಲ. ಆ ಮಾತು ಇವತ್ತಿಗೂ ನೆನಪಿದೆ. ಮರದ ಬುಡದಲ್ಲಿ ಕುಂಕುಮ ಹಚ್ಚಿದ ಕಲ್ಲು, ಮಣ್ಣಿನ ಹರಕೆ ಗೊಂಬೆ ಏನಾದರೂ ಕಂಡರೆ ಅದು ಯಾರದೋ ಮನೆದೇವರು ಅಂದುಕೊಂಡು ನಡೆದುಕೊಳ್ಳಿ.

ವರದಾಮೂಲದಲ್ಲಿ ನೋಡಲು ಏನಿದೆ?

ವರದಾ ನದಿ ಹುಟ್ಟುವ ಜಾಗ. ಒಂದು ಕೊಳ, ಗುಡಿಗಳು, ಸುತ್ತ ತೋಟ, ಅಷ್ಟೇ. ದೊಡ್ಡದಾಗಿ ಏನೋ ಇದೆ ಅಂದುಕೊಂಡು ಹೋದವರಿಗೆ ನಿರಾಸೆ ಆಗಬಹುದು. ಆದರೆ ಇಲ್ಲಿಂದ ಹೊರಟ ನೀರೇ ಮುಂದೆ ಕದಂಬರ ಬನವಾಸಿಯನ್ನು ಬಳಸಿ, ಹಾವೇರಿ ಜಿಲ್ಲೆಯ ಗಳಗನಾಥದ ಹತ್ತಿರ ತುಂಗಭದ್ರೆಯನ್ನು ಸೇರುತ್ತದೆ. ಅಷ್ಟು ದೊಡ್ಡ ಕಥೆ ಇಷ್ಟು ಚಿಕ್ಕ ಕೊಳದಿಂದ ಹೊರಡುತ್ತದಲ್ವಾ ಅಂತ ಪ್ರತಿ ಸಲ ನನಗೆ ಅನಿಸುತ್ತದೆ.

ಬೆಳಗ್ಗೆ ಏಳರ ಒಳಗೆ ತಲುಪಿ. ಮಂಜು ಇನ್ನೂ ಇಳಿದಿರುವುದಿಲ್ಲ, ಜನ ಇರುವುದಿಲ್ಲ. ಹತ್ತಿರದ ವರದಹಳ್ಳಿಯಲ್ಲಿ ಶ್ರೀಧರ ಸ್ವಾಮಿಗಳ ಆಶ್ರಮ ಇದೆ. ಹೋಗುವ ಮನಸ್ಸಿದ್ದವರು ಅಲ್ಲಿಗೂ ಹೋಗಿ ಬರಬಹುದು, ಕೊನೆಯಲ್ಲಿ ಸ್ವಲ್ಪ ಏರು.

ಇಕ್ಕೇರಿಯಲ್ಲಿ ಎಷ್ಟು ಹೊತ್ತು ಬೇಕು? ಏನನ್ನು ತಪ್ಪಿಸಿಕೊಳ್ಳಬಾರದು?

ಕಡಿಮೆ ಅಂದರೆ ಒಂದೂವರೆ ಗಂಟೆ. ಈ ಸುತ್ತಿನ ಎದೆ ಇರುವುದೇ ಇಲ್ಲಿ.

ಅಘೋರೇಶ್ವರ ದೇವಸ್ಥಾನ ಕೆಳದಿ ನಾಯಕರು ಕಟ್ಟಿಸಿದ್ದು, 16ನೇ ಶತಮಾನದ್ದು. ಈಗ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಪೂಜೆಯೂ ನಡೆಯುತ್ತದೆ. ಹೊಯ್ಸಳರ ನೆನಪು, ವಿಜಯನಗರದ ಗತ್ತು, ನಂದಿ ಮಂಟಪದ ಕಮಾನುಗಳಲ್ಲಿ ಸುಲ್ತಾನರ ಕಾಲದ ಛಾಯೆ, ಎಲ್ಲ ಒಂದೇ ಕಟ್ಟಡದಲ್ಲಿ ಕಾಣುತ್ತದೆ. ಮೊದಲು ಹೊರಗೆ ಪೂರ್ತಿ ಒಂದು ಸುತ್ತು ಬನ್ನಿ. ನಂದಿಯ ಎದುರು ಕೂತು ಅದರ ಕೊರಳ ಸರ, ಗೆಜ್ಜೆಗಳನ್ನು ನೋಡಿ. ಆಮೇಲೆ ಒಳಗೆ.

ಒಳಗೆ ಮೂರು ವಿಷಯ ಗಮನಿಸಿ. ಗರ್ಭಗುಡಿಯ ಪೀಠ ತುಂಬಾ ದೊಡ್ಡದು, ಅದರ ಸುತ್ತ 32 ದೇವಿಯರ ಕೆತ್ತನೆ ಇದೆ. ಎರಡನೆಯದು ನೆಲದ ಮೇಲೆ, ಅವಸರದಲ್ಲಿ ಹೋದರೆ ಕಾಣುವುದೇ ಇಲ್ಲ. ದೇವರಿಗೆ ಅಡ್ಡಬಿದ್ದ ಮೂವರು ನಾಯಕರ ಉಬ್ಬು ಚಿತ್ರಗಳು. ಅವರಲ್ಲಿ ಒಬ್ಬನ ಕೈಕಾಲಿಗೆ ಬೇಡಿ ಇದೆ. ಹುಚ್ಚ ಸೋಮಶೇಖರ ಅಂತ ಕರೆಯುತ್ತಿದ್ದ ದೊರೆ ಅವನು. ಮನಸ್ಸಿನ ಸ್ಥಿಮಿತ ಕಳೆದುಕೊಂಡ ದೊರೆಯನ್ನು ಮುಚ್ಚಿಡದೆ, ಬೇಡಿಯ ಸಮೇತ ದೇವರ ಮುಂದೆ ಕೆತ್ತಿಟ್ಟಿದ್ದಾರೆ. ನನಗೆ ಅಲ್ಲಿ ಪ್ರತಿ ಸಲ ಗಂಟಲು ಕಟ್ಟುತ್ತದೆ.

ಮೂರನೆಯದು ಕಂಬಗಳ ನಡುವಿನ ಜಾಗ. ನಡುವಿನ ಎರಡು ಕಂಬಗಳ ಅಂತರ 18 ಅಡಿ 6 ಅಂಗುಲ. ನಾಯಕರ ಕಾಲದಲ್ಲಿ ತೋಟದ ಜಮೀನು ಅಳೆಯಲು ಇದೇ ಅಳತೆಗೋಲು. ಶಿವಪ್ಪ ನಾಯಕನ ಶಿಸ್ತು ಅಂತ ಹೆಸರಾದ ಕಂದಾಯದ ಪದ್ಧತಿ ಬಂದದ್ದು ಇದೇ ಮನೆತನದಿಂದ. ಅಳತೆಯಲ್ಲಿ ಮೋಸ ಆಯಿತು ಅನಿಸಿದರೆ ರೈತ ಎಲ್ಲಿಗೆ ಬರಬೇಕಿತ್ತು? ದೇವರ ಮುಂದಿನ ಈ ಎರಡು ಕಂಬಗಳ ಹತ್ತಿರಕ್ಕೆ. ಅವನ್ನು ಯಾರೂ ಹತ್ತಿರ ದೂರ ಮಾಡುವ ಹಾಗಿಲ್ಲ. ನೀವು ಆಗಷ್ಟೇ ದಾಟಿ ಬಂದ ಅಡಿಕೆ ತೋಟ ಮತ್ತು ಈ ಗುಡಿ ಹೇಗೆ ಒಂದಕ್ಕೊಂದು ಕಟ್ಟಿಕೊಂಡಿವೆ ಅನ್ನುವುದು ಅಲ್ಲಿ ನಿಂತಾಗ ಅರ್ಥ ಆಗುತ್ತದೆ.

ಇಕ್ಕೇರಿ ರಾಜಧಾನಿ ಆಗಿತ್ತು ಅಂತಾರೆ. ಕೋಟೆ, ಅರಮನೆ ಎಲ್ಲಿ?

ಅರಮನೆ ಮಣ್ಣು ಮತ್ತು ಮರದ್ದು. ಮಲೆನಾಡಿನ ಮಳೆಯಲ್ಲಿ ಅಂಥದ್ದು ಎಷ್ಟು ಕಾಲ ನಿಲ್ಲುತ್ತದೆ? ಊರಿನ ಸುತ್ತ ಮೂರು ಸುತ್ತಿನ ಕೋಟೆ ಇತ್ತು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಪೋರ್ಚುಗೀಸ್ ರಾಯಭಾರಿಯ ಜೊತೆ ಇಲ್ಲಿಗೆ ಬಂದಿದ್ದ. ಆಗ ವೆಂಕಟಪ್ಪ ನಾಯಕನ ಆಳ್ವಿಕೆ. ತಾನು ಕಂಡದ್ದನ್ನೆಲ್ಲ ಆತ ಪತ್ರಗಳಲ್ಲಿ ವಿವರವಾಗಿ ಬರೆದಿದ್ದಾನೆ. 1639ರ ಸುಮಾರಿಗೆ ರಾಜಧಾನಿ ಬಿದನೂರಿಗೆ, ಅಂದರೆ ಈಗಿನ ನಗರಕ್ಕೆ ಹೋಯಿತು. ಟಂಕಸಾಲೆಯೂ ಹೋಯಿತು. ಆದರೂ ಅಲ್ಲಿ ಅಚ್ಚಾದ ನಾಣ್ಯವನ್ನು ಜನ ಇಕ್ಕೇರಿ ವರಹ ಅಂತಲೇ ಕರೆಯುತ್ತಿದ್ದರು.

ಈಗ ಉಳಿದಿರುವುದು ಗುಡಿ. ಉಳಿದ ಜಾಗವನ್ನು ಮರಗಿಡ ತೆಗೆದುಕೊಂಡಿವೆ.

ಇಕ್ಕೇರಿಯಿಂದ ಹೆಗ್ಗೋಡಿಗೆ ದಾರಿ ಹೇಗಿದೆ? ತಪ್ಪಿ ಹೋಗುತ್ತದಾ?

ತಪ್ಪುತ್ತದೆ. ನನಗೇ ಎರಡು ಸಲ ತಪ್ಪಿದೆ. ಕವಲು ಜಾಸ್ತಿ, ಬೋರ್ಡು ಕಡಿಮೆ, ಕೆಲವು ಕಡೆ ಮೊಬೈಲ್ ಸಿಗ್ನಲ್ ಇರುವುದಿಲ್ಲ. ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಅದಕ್ಕಿಂತ ಒಳ್ಳೆಯ ಉಪಾಯ ಕೇಳುವುದು. ಅಂಗಳದಲ್ಲಿ ಅಡಿಕೆ ಹರವುತ್ತಿರುವವರನ್ನು, ಬಸ್ ಸ್ಟಾಪಿನಲ್ಲಿ ಕೂತವರನ್ನು ಕೇಳಿ. "ಇಲ್ಲಿಂದ ಎಡಕ್ಕೆ ಇಳಿದರೆ ಸಂಕ ಸಿಗುತ್ತದೆ, ದಾಟಿ ಏರು ಹತ್ತಿ" ಅಂತ ಹೇಳುತ್ತಾರೆ. ಸಂಕ ಅಂದರೆ ಹಳ್ಳದ ಮೇಲಿನ ಕಾಲುಸೇತುವೆ. ಅಡಿಕೆ ಮರದ ಸಂಕ ಆದರೆ ಸೈಕಲ್ ಹೆಗಲಿಗೆ ಹಾಕಿಕೊಂಡು ದಾಟಲು ಹೋಗಬೇಡಿ, ಒದ್ದೆ ಇದ್ದರೆ ಜಾರುತ್ತದೆ. ಟಾರು ರಸ್ತೆಯಲ್ಲೇ ಬಳಸಿಕೊಂಡು ಬನ್ನಿ.

ಕಡಿದಾದ ಘಟ್ಟ ಎಲ್ಲೂ ಇಲ್ಲ. ಆದರೆ ಸಣ್ಣ ಸಣ್ಣ ಏರಿಳಿತ ಮುಗಿಯುವುದೇ ಇಲ್ಲ. ತೋಟ ಇರುವುದು ಕಣಿವೆಯಲ್ಲಿ, ಮನೆ ಅದರ ಅಂಚಿನಲ್ಲಿ, ಬೆಟ್ಟ ಮೇಲೆ. ರಸ್ತೆಯೂ ಹಾಗೇ ಹತ್ತಿ ಇಳಿಯುತ್ತದೆ. ಏರಿನಲ್ಲಿ ಇಳಿದು ತಳ್ಳಿದರೆ ಏನೂ ತಪ್ಪಿಲ್ಲ.

ತೋಟದ ಮೇಲಿರುವ ಆ ಬೋಳು ಬೋಳು ಮರಗಳ ಗುಡ್ಡ ಏನು?

ಅದು ಸೊಪ್ಪಿನಬೆಟ್ಟ. ಒಳ್ಳೆಯ ಪ್ರಶ್ನೆ ಇದು, ಕಣ್ಣಿದ್ದವರು ಮಾತ್ರ ಕೇಳುತ್ತಾರೆ. ಅಡಿಕೆ ತೋಟಕ್ಕೆ ಗೊಬ್ಬರ ಬೇಕು. ಅದಕ್ಕೆ ಹಸಿ ಸೊಪ್ಪು, ದರಗು ಅಂದರೆ ಒಣಗಿ ಉದುರಿದ ಎಲೆ ಬೇಕು. ಸೊಪ್ಪು ಕೊಟ್ಟಿಗೆಗೆ ಹೋಗಿ, ಸಗಣಿ ಜೊತೆ ಸೇರಿ ಗೊಬ್ಬರವಾಗಿ ತೋಟಕ್ಕೆ ಇಳಿಯುತ್ತದೆ. ಆ ಸೊಪ್ಪಿಗಾಗಿ ತೋಟದವರಿಗೆ ಬಿಟ್ಟುಕೊಟ್ಟ ಕಾಡು ಸೊಪ್ಪಿನಬೆಟ್ಟ. ಕೊಂಬೆ ಕಡಿದು ಕಡಿದು ಮರಗಳು ಕಂಬದ ಹಾಗೆ ಕಾಣುತ್ತವೆ.

ಕೆಲವರು ಇದನ್ನು ಜೋಪಾನ ಮಾಡಿದ್ದಾರೆ, ಕೆಲವು ಕಡೆ ತೀರಾ ಸೊರಗಿದೆ. ಒಂದೇ ಏರಿನಲ್ಲಿ ಎರಡೂ ನೋಡಲು ಸಿಗುತ್ತದೆ. ಕಾನನ್ನು ಮುಟ್ಟದೆ, ಬೆಟ್ಟವನ್ನು ಬಳಸಿ, ತೋಟವನ್ನು ಬೆಳೆಸುವ ಲೆಕ್ಕ ಹಿಂದಿನವರದು. ಈಗ ಆ ಲೆಕ್ಕ ತಪ್ಪುತ್ತಿರುವ ಜಾಗಗಳನ್ನು ನೋಡಿದಾಗ ಬೇಸರವಾಗುತ್ತದೆ.

ತೋಟದ ಒಳಗೆ ಹೋಗಿ ನೋಡಬಹುದಾ?

ಕೇಳಿ ಹೋಗಿ. ದಣಪೆ (ಬೇಲಿಯ ಬಾಗಿಲು) ತೆಗೆದರೆ ಮತ್ತೆ ಮುಚ್ಚಿ, ಇಲ್ಲದಿದ್ದರೆ ದನ ನುಗ್ಗುತ್ತವೆ. ಅಡಿಕೆ ಗೊನೆ ಕೊಯ್ಯುವಾಗ ಮರದ ಕೆಳಗೆ ನಿಲ್ಲಬೇಡಿ. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯ ಮೇಲೆ ಸೈಕಲ್ ಚಕ್ರ ಹಾಯಿಸಬೇಡಿ.

ಹೆಗ್ಗೋಡಿನಲ್ಲಿ ಏನು?

ಹೆಗ್ಗೋಡು ಅಂದರೆ ನೀನಾಸಂ. ನೀಲಕಂಠೇಶ್ವರ ನಾಟ್ಯಸೇವಾ ಸಂಘ 1949ರಲ್ಲಿ ಶುರುವಾದದ್ದು. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಡಿಕೆ ತೋಟದ ನಡುವಿನ ಒಂದು ಹಳ್ಳಿಯಲ್ಲಿ ರಂಗಶಿಕ್ಷಣ ಕೇಂದ್ರ, ರಂಗಮಂದಿರ ಇವೆ ಅನ್ನುವುದೇ ಈ ಸೀಮೆಯ ಹೆಮ್ಮೆ. ನಾಟಕ ಇರುವ ದಿನ ಗೊತ್ತು ಮಾಡಿಕೊಂಡು ಬಂದರೆ ಸಂಜೆ ಅಲ್ಲೇ ಕಳೆಯಬಹುದು. ತರಗತಿ ನಡೆಯುವ ಜಾಗ ಅದು, ಅನುಮತಿ ಕೇಳದೆ ಒಳಗೆಲ್ಲ ಓಡಾಡುವುದು ಸರಿಯಲ್ಲ.

ಪಕ್ಕದ ಭೀಮನಕೋಣೆಯಲ್ಲಿ ಚರಕ ಅನ್ನುವ ಮಹಿಳೆಯರ ಸಹಕಾರಿ ಸಂಘ ಇದೆ. ಕೈಮಗ್ಗದ ಬಟ್ಟೆ, ನೈಸರ್ಗಿಕ ಬಣ್ಣ. ಕೆಂಪಡಿಕೆ ಬೇಯಿಸಿದಾಗ ಉಳಿಯುವ ಚೊಗರು ಇಲ್ಲಿ ಬಟ್ಟೆಗೆ ಬಣ್ಣವಾಗುತ್ತದೆ. ತೋಟದಿಂದ ಮಗ್ಗಕ್ಕೆ ಬಂದ ಆ ಕಂದುಗೆಂಪು ಬಣ್ಣದ ಅಂಗಿ ನನ್ನ ಹತ್ತಿರ ಒಂದಿದೆ, ವರ್ಷಗಳಾದರೂ ಚೆನ್ನಾಗಿದೆ.

ಇಕ್ಕೇರಿ ನೋಡಿದ ಮೇಲೆ ಕೆಳದಿಗೂ ಹೋಗಲೇಬೇಕಾ?

ಹೋಗಿ. ಎರಡೂ ಒಂದೇ ಥರ ಇಲ್ಲ. ಇಕ್ಕೇರಿ ಗುಡಿ ಒಂಟಿಯಾಗಿ, ಗಂಭೀರವಾಗಿ ನಿಂತಿದೆ. ಕೆಳದಿಯದು ಊರಿನ ನಡುವಿನ ಗುಡಿ. ಹೆಂಚಿನ ಮಾಡು, ಮರದ ಕೆತ್ತನೆ, ಮಲೆನಾಡಿನ ದೊಡ್ಡ ಮನೆಯೊಂದರ ಒಳಗೆ ಕಾಲಿಟ್ಟ ಹಾಗೆ ಅನಿಸುತ್ತದೆ.

ನಾಯಕರ ಮನೆತನ ತಲೆ ಎತ್ತಿದ್ದು ಇಲ್ಲೇ, 1500ರ ಆಸುಪಾಸಿನಲ್ಲಿ. ಹಸು ಹುತ್ತಕ್ಕೆ ಹಾಲು ಸುರಿಸಿತು, ಅಲ್ಲಿ ಲಿಂಗ ಸಿಕ್ಕಿತು, ಮನೆತನದ ಮೂಲಪುರುಷ ಚೌಡಪ್ಪ ಅದಕ್ಕೆ ಗುಡಿ ಕಟ್ಟಿಸಿದ ಅನ್ನುವುದು ಊರಲ್ಲಿ ಹೇಳುವ ಕಥೆ. ಅದೇ ರಾಮೇಶ್ವರ. ಪಕ್ಕದಲ್ಲಿ ವೀರಭದ್ರ, ಪಾರ್ವತಿ ಗುಡಿಗಳು. ವೀರಭದ್ರ ಗುಡಿಯಲ್ಲಿ ತಲೆ ಎತ್ತಿ ಚಾವಣಿ ನೋಡಿ, ಗಂಡಭೇರುಂಡ ಕಾಣುತ್ತದೆ. ಕತ್ತು ನೋಯುವ ತನಕ ನೋಡುವಂಥ ಕೆಲಸ.

ಕೆಳದಿಯ ಚೆನ್ನಮ್ಮ 1671ರಿಂದ ಕಾಲು ಶತಮಾನ ಆಳಿದ ರಾಣಿ. ಇಕ್ಕೇರಿಯಲ್ಲಿ ಬೇಡಿ ತೊಟ್ಟ ಸೋಮಶೇಖರನನ್ನು ನೋಡಿದಿರಲ್ಲ, ಅವನ ಹೆಂಡತಿ. ಶಿವಾಜಿಯ ಮಗ ರಾಜಾರಾಮ ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ಬಂದಾಗ ಆಶ್ರಯ ಕೊಟ್ಟವಳು, ಅದಕ್ಕಾಗಿ ಮೊಗಲರ ದಂಡನ್ನು ಎದುರಿಸಿದವಳು. ಈ ಕಾರಣಕ್ಕೇ ನಾನು ಮೊದಲು ಇಕ್ಕೇರಿ, ಆಮೇಲೆ ಕೆಳದಿ ಅನ್ನುವ ಕ್ರಮ ಇಟ್ಟಿರುವುದು. ಊರಿನ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿ, ಹಳೆಯ ಕಾಗದಪತ್ರ ಇವೆ, ಬಾಗಿಲು ತೆರೆದಿದ್ದರೆ ಬಿಡಬೇಡಿ.

ಮನೆಗಳ ಗೋಡೆಯ ಮೇಲೆ ಕಾಣುವ ಬಿಳಿ ಗೆರೆಯ ಚಿತ್ರಗಳು ಯಾವುವು?

ಹಸೆ ಚಿತ್ತಾರ. ಇಲ್ಲಿನ ದೀವರ ಸಮುದಾಯದ ಹೆಣ್ಣುಮಕ್ಕಳು ಬರೆಯುವುದು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ. ಕಪ್ಪಿಗೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿ ನಾರು. ಎಲ್ಲವೂ ಕೈಗೆ ಸಿಗುವ ದೂರದಲ್ಲಿ ಸಿಕ್ಕಿದ್ದು. ಮದುವೆಗೆ ಬರೆಯುತ್ತಾರೆ. ಭೂಮಿ ಹುಣ್ಣಿಮೆಗೆ ಗದ್ದೆಗೆ ಹೊತ್ತೊಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಬರೆಯುತ್ತಾರೆ.

ಹಳೆಯ ಗೋಡೆಗಳು ಹೋಗಿ ಸಿಮೆಂಟ್ ಬಂದಮೇಲೆ ದಾರಿಯಲ್ಲಿ ಕಾಣುವುದು ಕಡಿಮೆಯಾಗಿದೆ. ಕಂಡರೆ ಅದೃಷ್ಟ. ಮನೆಯ ಅಕ್ಕನನ್ನೋ ಅಮ್ಮನನ್ನೋ ಕೇಳಿಯೇ ಫೋಟೋ ತೆಗೆಯಿರಿ.

ಯಾವ ತಿಂಗಳು ಒಳ್ಳೆಯದು?

ಅಕ್ಟೋಬರ್ ಕೊನೆಯಿಂದ ಫೆಬ್ರವರಿ. ನನಗೆ ಇಷ್ಟ ನವೆಂಬರ್. ಮಳೆ ನಿಂತಿರುತ್ತದೆ, ಹಳ್ಳಗಳಲ್ಲಿ ನೀರು ಇರುತ್ತದೆ, ಗದ್ದೆ ಬಣ್ಣ ತಿರುಗುತ್ತಿರುತ್ತದೆ. ಜನವರಿಯ ನಂತರ ಆಲೆಮನೆ ಶುರುವಾಗುತ್ತದೆ, ದಾರಿಯಲ್ಲಿ ಬೆಲ್ಲ ಕಾಯುವ ವಾಸನೆ ಬಂದರೆ ಸೈಕಲ್ ನಿಲ್ಲಿಸಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ ಎಡೆಬಿಡದೆ ಹೊಡೆಯುತ್ತದೆ. ರಸ್ತೆ ಮೇಲೆ ಪಾಚಿ, ಮುರಿದು ಬಿದ್ದ ಕೊಂಬೆ. ಹೊಸಬರಿಗೆ ಬೇಡ. ಏಪ್ರಿಲ್, ಮೇ ಸೆಕೆ ಜಾಸ್ತಿ.

ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ ಫೆಬ್ರವರಿ ಸುಮಾರಿಗೆ ಬರುತ್ತದೆ. ಆ ದಿನಗಳಲ್ಲಿ ಪೇಟೆಯಲ್ಲಿ ಸೈಕಲ್ ತಳ್ಳಲೂ ಜಾಗ ಇರುವುದಿಲ್ಲ, ಉಳಿಯಲು ರೂಮೂ ಸಿಗುವುದಿಲ್ಲ. ಜಾತ್ರೆಗೆಂದೇ ಬರುವುದಾದರೆ ಬನ್ನಿ.

ಮಂಗನ ಕಾಯಿಲೆಯ ಭಯ ಇದೆಯಾ?

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಈ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಕಾಡಿನ ಉಣುಗು ಕಚ್ಚುವುದರಿಂದ ಬರುತ್ತದೆ. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಜನ ಇದರಿಂದ ಬಹಳ ನೊಂದರು, ಸಾವುಗಳಾದವು.

ಡಿಸೆಂಬರ್‌ನಿಂದ ಮೇ ತನಕ ಹೆಚ್ಚು ಜಾಗ್ರತೆ ಬೇಕು. ಟಾರು ರಸ್ತೆ ಬಿಟ್ಟು ದರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ. ಉದ್ದ ಪ್ಯಾಂಟು ಹಾಕಿ, ಸಾಕ್ಸ್ ಒಳಗೆ ಸಿಕ್ಕಿಸಿ. ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಸಿಕ್ಕಿದರೆ ಕೈಕಾಲಿಗೆ ಹಚ್ಚಿಕೊಳ್ಳಿ. ರೂಮಿಗೆ ಬಂದಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆ ಒಗೆಯಲು ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನವರಿಗೆ, ಆಶಾ ಕಾರ್ಯಕರ್ತೆಯರಿಗೆ ತಿಳಿಸಿ. ವಾಪಸ್ ಹೋದಮೇಲೆ ಒಮ್ಮೆಲೇ ಜ್ವರ, ತಲೆನೋವು, ಮೈಕೈ ನೋವು ಬಂದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ, ಸಾಗರದ ಕಡೆ ಕಾಡಿನ ಹತ್ತಿರ ಹೋಗಿದ್ದೆ ಅಂತ ಹೇಳಲು ಮರೆಯಬೇಡಿ. ಆ ಒಂದು ಮಾತಿಂದ ಚಿಕಿತ್ಸೆಯ ದಾರಿ ಬೇಗ ಸಿಗುತ್ತದೆ. ಯಾವ ಊರಲ್ಲಾದರೂ ಕಾಯಿಲೆ ಕಾಣಿಸಿಕೊಂಡ ಸುದ್ದಿ ಇದ್ದರೆ ಆ ವರ್ಷ ಅತ್ತ ಹೋಗುವುದೇ ಬೇಡ.

ಉಂಬಳ (ಜಿಗಣೆ)?

ಮಳೆಗಾಲದಲ್ಲಿ ಇದ್ದೇ ಇರುತ್ತವೆ. ಕಚ್ಚಿದರೆ ಗಾಬರಿ ಬೇಡ, ಉಪ್ಪು ಅಥವಾ ಸುಣ್ಣ ಸೋಕಿಸಿದರೆ ಬಿಡುತ್ತದೆ.

ಕಾಡುಪ್ರಾಣಿ ಸಿಗುತ್ತವಾ?

ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿ, ಕೆಂದಳಿಲು, ನವಿಲು, ಕಾಜಾಣ ಸಾಮಾನ್ಯವಾಗಿ ಕಣ್ಣಿಗೆ ಬೀಳುತ್ತವೆ. ಮಂಗಟ್ಟೆಯನ್ನು ನೋಡುವ ಮೊದಲು ಅದರ ಕೂಗು ಕೇಳಿಸುತ್ತದೆ, ಹಣ್ಣು ಬಿಟ್ಟ ಅತ್ತಿ, ಆಲದ ಮರ ಕಂಡರೆ ಸ್ವಲ್ಪ ಕಾಯಿರಿ. ಕಾಡುಕೋಣ, ಕಾಡುಹಂದಿ ಬೆಳಗಿನ ಜಾವ, ಮುಸ್ಸಂಜೆ ರಸ್ತೆ ದಾಟುವುದುಂಟು. ಕತ್ತಲಾಗುವ ಮೊದಲು ಪೇಟೆ ಸೇರಿ ಅನ್ನುವುದು ಅದಕ್ಕೇ.

ಎಂಥ ಸೈಕಲ್ ಬೇಕು? ಕೆಟ್ಟರೆ ಏನು ಗತಿ?

ಗೇರ್ ಇರುವ ಯಾವ ಸೈಕಲ್ ಆದರೂ ಆಗುತ್ತದೆ. ಹೈಬ್ರಿಡ್ ಆದರೆ ಹಾಯಾಗಿರುತ್ತದೆ. ತೀರಾ ಸಣ್ಣ ಟೈರಿನ ರೋಡ್ ಬೈಕ್ ಬೇಡ, ಹಳ್ಳಿ ರಸ್ತೆಯಲ್ಲಿ ಜಲ್ಲಿ ಎದ್ದಿರುತ್ತದೆ. ಸಾಗರದಲ್ಲಿ ಪಂಕ್ಚರ್ ಹಾಕುವವರು, ಸೈಕಲ್ ರಿಪೇರಿಯವರು ಇದ್ದಾರೆ, ಆದರೆ ದುಬಾರಿ ಸೈಕಲ್ಲಿನ ಟ್ಯೂಬು, ಬಿಡಿಭಾಗ ಸಿಗುತ್ತದೆ ಅನ್ನುವ ನಂಬಿಕೆ ಇಟ್ಟುಕೊಳ್ಳಬೇಡಿ. ಎರಡು ಟ್ಯೂಬು, ಪಂಪು, ಚೈನ್ ಜೋಡಿಸುವ ಲಿಂಕ್ ಜೊತೆಗಿರಲಿ. ಒಮ್ಮೆ ಇಕ್ಕೇರಿ ದಾಟಿದಮೇಲೆ ನನ್ನ ಚೈನ್ ತುಂಡಾಗಿ, ಲಿಂಕ್ ಇಲ್ಲದೆ ಒಂದು ಮಧ್ಯಾಹ್ನವಿಡೀ ತಳ್ಳಿದ್ದೇನೆ. ಕೊನೆಗೆ ಅಡಿಕೆ ಮೂಟೆ ಒಯ್ಯುತ್ತಿದ್ದ ಗಾಡಿಯವರು ಸೈಕಲ್ ಹತ್ತಿಸಿಕೊಂಡರು.

ಹೆಲ್ಮೆಟ್ ಹಾಕಿ. ತಿರುವಿನಲ್ಲಿ ಬಸ್ಸುಗಳು ರಸ್ತೆ ತುಂಬಾ ಬರುತ್ತವೆ, ಹಾರ್ನ್ ಕೇಳಿದಕೂಡಲೇ ಅಂಚಿಗೆ ಬನ್ನಿ.

ರೈಲಿನಲ್ಲಿ ಸೈಕಲ್ ತರಬಹುದಾ?

ಬೆಂಗಳೂರು, ಮೈಸೂರು ಕಡೆಯಿಂದ ತಾಳಗುಪ್ಪಕ್ಕೆ ಬರುವ ರೈಲುಗಳು ಸಾಗರದಲ್ಲಿ ನಿಲ್ಲುತ್ತವೆ. ನಿಲ್ದಾಣದ ಹೆಸರು ಸಾಗರ ಜಂಬಗಾರು. ಸೈಕಲ್ಲನ್ನು ಲಗೇಜ್ ಆಫೀಸಿನಲ್ಲಿ ಬುಕ್ ಮಾಡಿ ಬ್ರೇಕ್ ವ್ಯಾನಿಗೆ ಹಾಕಬೇಕು. ರೈಲು ಹೊರಡುವ ಬಹಳ ಮೊದಲೇ ಹೋಗಿ, ಪೆಡಲ್ ಬಿಚ್ಚಿ, ಹಳೆ ಬೆಡ್‌ಶೀಟ್ ಸುತ್ತಿ, ಹೆಸರು ಬರೆದು ಅಂಟಿಸಿ. ಮಡಚುವ ಸೈಕಲ್ ಇದ್ದರೆ ತೊಂದರೆಯೇ ಕಡಿಮೆ.

ಊಟ, ತಿಂಡಿ?

ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಸಾಗರ ಪೇಟೆಯಲ್ಲೇ ಇಟ್ಟುಕೊಳ್ಳಿ. ದಾರಿಯಲ್ಲಿ ಚಹಾದಂಗಡಿ ಸಿಗುತ್ತವೆ, ಹೋಟೆಲುಗಳು ವಿರಳ. ನೀರು ಎರಡು ಬಾಟಲಿ ಇರಲಿ, ಹಳ್ಳಿ ಮನೆಗಳಲ್ಲಿ ಕೇಳಿದರೆ ತುಂಬಿಸಿ ಕೊಡುತ್ತಾರೆ. ಬರೀ ನೀರು ಕೊಟ್ಟು ಕಳಿಸುವ ಪದ್ಧತಿ ಇಲ್ಲ, ಜೊತೆಗೆ ಬೆಲ್ಲವೋ ಮಜ್ಜಿಗೆಯೋ ಬರುತ್ತದೆ. ಹೋಂಸ್ಟೇಯಲ್ಲಿ ಉಳಿಯುವುದಾದರೆ ತಂಬುಳಿ, ಅಪ್ಪೆಹುಳಿ, ಮಿಡಿ ಉಪ್ಪಿನಕಾಯಿ ಕೇಳಿ. ಅಪ್ಪೆಮಿಡಿ ಹೊಳೆದಂಡೆಯ ಕಾಡುಮಾವಿನ ಎಳೆಗಾಯಿ, ಪರಿಮಳಕ್ಕೆ ಹೆಸರಾದ ಅದಕ್ಕೆ ಭೌಗೋಳಿಕ ಗುರುತು (ಜಿ.ಐ. ಟ್ಯಾಗ್) ಸಿಕ್ಕಿದೆ. ಪೇಟೆಯಲ್ಲಿ ತೊಡದೇವು ಅನ್ನುವ ಸಿಹಿತಿಂಡಿ ಕಂಡರೆ ಮನೆಗೆ ಒಂದು ಪ್ಯಾಕೆಟ್ ತೆಗೆದುಕೊಳ್ಳಿ.

ಮಕ್ಕಳು, ವಯಸ್ಸಾದವರು ಬರಬಹುದಾ?

ಹತ್ತು ಹನ್ನೆರಡು ವರ್ಷದ, ರಸ್ತೆಯಲ್ಲಿ ಸೈಕಲ್ ಹೊಡೆದು ಗೊತ್ತಿರುವ ಮಕ್ಕಳಿಗೆ ಸಾಗರ–ಇಕ್ಕೇರಿ–ಸಾಗರ ಸಾಕು. ಅರವತ್ತು ದಾಟಿದವರು ಇಡೀ ಸುತ್ತು ಮುಗಿಸಿದ್ದನ್ನು ನೋಡಿದ್ದೇನೆ, ಅವರು ಎಲ್ಲರಿಗಿಂತ ಜಾಸ್ತಿ ಕಡೆ ನಿಂತರು, ಜಾಸ್ತಿ ನೋಡಿದರು. ಮಂಡಿನೋವು ಇದ್ದವರಿಗೆ ಬ್ಯಾಟರಿ ಸೈಕಲ್ ಒಳ್ಳೆಯದು.

ಸುತ್ತು ಮುಗಿದಮೇಲೂ ಇನ್ನಷ್ಟು ತುಳಿಯುವ ಆಸೆ ಇದ್ದರೆ?

ಸಂಜೆ ಸಾಗರದ ಗಣಪತಿ ಕೆರೆ ಏರಿಯ ಮೇಲೆ ಕೂತು ಕಾಲು ಚಾಚಿ. ಸದಾಶಿವ ನಾಯಕನ ಹೆಸರಿನ ಈ ಕೆರೆಯಿಂದಲೇ ಊರಿಗೆ ಸಾಗರ ಅನ್ನುವ ಹೆಸರು ಬಂತು ಅನ್ನುತ್ತಾರೆ. ಮಾರನೇ ದಿನ ವರದೆ ಹರಿಯುವ ದಿಕ್ಕಿಗೆ, ಸೊರಬದ ಕಡೆಯಿಂದ ಬನವಾಸಿಗೆ ಹೊರಡಿ. ಅದು ಇಡೀ ದಿನದ ದಾರಿ. ಸೊರಬ ಸೀಮೆಯಲ್ಲಿ ನೆಲ ಹೆಚ್ಚು ಸಮತಟ್ಟು, ಗದ್ದೆ ಬಯಲಿನ ನಡುವೆ ಕಾನುಗಳು ದೂರದಿಂದಲೇ ಕಾಣುತ್ತವೆ. ಹಿಂದಿನ ದಿನ ವರದಾಮೂಲದಲ್ಲಿ ಕೊಳವಾಗಿ ನೋಡಿದ ನೀರು, ಬನವಾಸಿಯ ಮಧುಕೇಶ್ವರ ಗುಡಿಯ ಆಚೆ ಅಗಲವಾದ ಹೊಳೆಯಾಗಿ ಸಿಗುತ್ತದೆ.